ಹನಿಗೆ ಕರೆಂಟು ತಗುಲಿದರೆ

ಕಳೆದ ಸಂಚಿಕೆಯಲ್ಲಿ ಸಾಬೂನಿನ ಬಗ್ಗೆ ಒಂದಿಡೀ ಪುಟ ಬರೆದಿದ್ದೆ. ಕೊನೆಗೆ ಸುಮ್ನೆ ಒಂದು ಮಾತು ಸೇರಿಸಿದೆ. ಸಾಬೂನು ಎಣ್ಣೆಯನ್ನೂ ನೀರನ್ನೂ ಬೆರೆಸುತ್ತದೆ, ರಿಫೈನರಿಯಲ್ಲಿ ನಾವು ಅದರ ಉಲ್ಟಾ ಕೆಲಸ ಮಾಡುತ್ತಿದ್ದೆವು, ಕಚ್ಚಾ ತೈಲದಲ್ಲಿ ಬೆರೆತ ನೀರನ್ನು ಬಿಡಿಸಲು 20,000 ವೋಲ್ಟ್ ಕೊಡುತ್ತಿದ್ದೆವು ಅಂತ. ಸಾಬೂನನ್ನು ಯಾರೂ ಕೇಳಲಿಲ್ಲ. ಬಂದ ಪತ್ರಗಳೆಲ್ಲ ಆ ಕೊನೆಯ ಮಾತಿನ ಬೆನ್ನು ಹತ್ತಿವೆ. ಹಾಗಾಗಿ ಈ ಸಲ ಪುಟವೆಲ್ಲ ಹನಿ ಮತ್ತು ಕರೆಂಟಿಗೇ.

ಪ್ರಶ್ನೆ: ಮೇಡಂ, ಕಚ್ಚಾ ತೈಲದೊಳಗೆ 20,000 ವೋಲ್ಟ್ ಬಿಟ್ಟರೆ ಬೆಂಕಿ ಹತ್ತಿಕೊಳ್ಳುವುದಿಲ್ಲವೇ? ನಮ್ಮ ಅಕ್ಕನ ಮಗ ಹೋದ ತಿಂಗಳಷ್ಟೇ ರಿಫೈನರಿ ಕೆಲಸಕ್ಕೆ ಸೇರಿದ್ದಾನೆ. ನೀವು ಬರೆದದ್ದು ಓದಿದ ಮೇಲೆ ಅಕ್ಕನಿಗೆ ನಿದ್ದೆ ಇಲ್ಲ. ಅಷ್ಟಕ್ಕೂ ಎಣ್ಣೆಯಿಂದ ನೀರು ತೆಗೆಯಲು ಕರೆಂಟು ಯಾಕೆ ಬೇಕು? (ಕುಂದಾಪುರದ ಓದುಗರು)

ಉತ್ತರ: ಮೊದಲು ನಿಮ್ಮ ಅಕ್ಕ ನಿದ್ದೆ ಮಾಡಲಿ. ಬೆಂಕಿ ಹತ್ತಲು ಎಣ್ಣೆ ಮತ್ತು ಕಿಡಿ ಸಾಲದು, ಗಾಳಿಯೂ ಬೇಕು. ಈ ಕೆಲಸ ನಡೆಯುವುದು ಡಿಸಾಲ್ಟರ್ ಎಂಬ ದೊಡ್ಡ ಉಕ್ಕಿನ ಪಾತ್ರೆಯಲ್ಲಿ. ಅದು ನೆತ್ತಿಯ ತನಕ ತುಂಬಿರುತ್ತದೆ, ಗಾಳಿಗೆ ಜಾಗವೇ ಇಲ್ಲ. ಎಣ್ಣೆಯ ಮಟ್ಟ ಇಳಿದರೆ ಒಳಗಿನ ಸ್ವಿಚ್ಚು ಟ್ರಾನ್ಸ್‌ಫಾರ್ಮರನ್ನು ತಾನೇ ಆಫ್ ಮಾಡಿಬಿಡುತ್ತದೆ. ಇನ್ನೊಂದು ವಿಷಯ. ವೋಲ್ಟೇಜ್ ಜಾಸ್ತಿ ಅಂದರೆ ಕರೆಂಟೂ ಜಾಸ್ತಿ ಹರಿಯುತ್ತದೆ ಎಂದಲ್ಲ. ಎಣ್ಣೆ ಕರೆಂಟನ್ನು ಸುಲಭವಾಗಿ ಬಿಡುವುದಿಲ್ಲ. ಒಳಗಿನ ಗ್ರಿಡ್‌ಗಳ (ವೋಲ್ಟೇಜ್ ಕೊಡುವ ಲೋಹದ ಜಾಲರಿಗಳ) ನಡುವೆ ಹರಿಯುವುದು ಸ್ವಲ್ಪವೇ. ಯಾವುದೋ ಕಾರಣಕ್ಕೆ ಹರಿವು ಏರಿದರೂ ಮಿತಿ ದಾಟದಂತೆ ಆ ಟ್ರಾನ್ಸ್‌ಫಾರ್ಮರ್‌ಗಳನ್ನು ಕಟ್ಟಿರುತ್ತಾರೆ.

ಇನ್ನು ಕರೆಂಟು ಯಾಕೆ ಬೇಕು ಎಂಬುದು. ಕಚ್ಚಾ ತೈಲದ ಜೊತೆ ನೆಲದಡಿಯಿಂದ ಉಪ್ಪುನೀರೂ ಮೇಲೆ ಬರುತ್ತದೆ. ಅದನ್ನು ಹಾಗೇ ಬಿಟ್ಟರೆ ಅದರಲ್ಲಿರುವ ಮೆಗ್ನೀಷಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್ ಮುಂದೆ ಫರ್ನೇಸಿನ ಬಿಸಿಗೆ ಒಡೆದು ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುತ್ತದೆ. ಆ ಆಮ್ಲ ಡಿಸ್ಟಿಲೇಷನ್ ಕಾಲಮ್ಮಿನ (ತೈಲವನ್ನು ಆವಿ ಮಾಡಿ ಬೇರ್ಪಡಿಸುವ ಗೋಪುರ) ಮೇಲ್ಭಾಗದ ಪೈಪುಗಳನ್ನು ತಿಂದುಹಾಕುತ್ತದೆ. ಅದಕ್ಕೇ ಎಣ್ಣೆಗೆ ಸ್ವಲ್ಪ ಸಿಹಿನೀರು ಬೆರೆಸಿ, ಉಪ್ಪನ್ನು ಆ ನೀರಿಗೆ ಇಳಿಸಿ, ಆಮೇಲೆ ಎಲ್ಲ ನೀರನ್ನೂ ಒಟ್ಟಿಗೆ ತೆಗೆಯಬೇಕು. ಬೆರೆಸುವಾಗ ನೀರು ಸಣ್ಣ ಸಣ್ಣ ಹನಿಯಾಗುತ್ತದೆ. ಸಣ್ಣದಾದಷ್ಟೂ ಉಪ್ಪು ಚೆನ್ನಾಗಿ ತೊಳೆದುಹೋಗುತ್ತದೆ, ಆದರೆ ಹನಿ ಕೆಳಗಿಳಿಯುವುದಿಲ್ಲ. ನಾನೇ ಲೆಕ್ಕ ಹಾಕಿದೆ. 130 ಡಿಗ್ರಿ ಬಿಸಿಯಿರುವ ಸಾಧಾರಣ ತೈಲದಲ್ಲಿ 10 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಅಡ್ಡಳತೆಯ ಹನಿ ಗಂಟೆಗೆ ಒಂದು ಸೆಂಟಿಮೀಟರ್ ಕೂಡ ಇಳಿಯುವುದಿಲ್ಲ. 200 ಮೈಕ್ರಾನಿನದಾದರೆ ಗಂಟೆಗೆ ಮೂರು ಮೀಟರಿಗಿಂತ ಜಾಸ್ತಿ ಇಳಿಯುತ್ತದೆ. ಅಡ್ಡಳತೆ 20 ಪಟ್ಟು ಹೆಚ್ಚಿದರೆ ವೇಗ 400 ಪಟ್ಟು ಹೆಚ್ಚುತ್ತದೆ. ಎಣ್ಣೆ ಆ ಪಾತ್ರೆಯಲ್ಲಿ ಇರುವುದು ಅರ್ಧ ಗಂಟೆಯ ಆಸುಪಾಸು. ಅಷ್ಟರಲ್ಲಿ ಸಣ್ಣ ಹನಿಗಳು ಒಂದಕ್ಕೊಂದು ಸೇರಿ ದೊಡ್ಡದಾಗಬೇಕು. ಕರೆಂಟು ಬೇಕಾಗಿರುವುದು ಇಷ್ಟಕ್ಕೇ.

ಉಪ್ಪುನೀರಿನ ಹನಿ ಒಳ್ಳೆಯ ವಾಹಕ. ಗ್ರಿಡ್‌ಗಳ ನಡುವೆ ಬಂದ ಕೂಡಲೇ ಅದರೊಳಗಿನ ಪ್ಲಸ್ ಚಾರ್ಜು ಒಂದು ತುದಿಗೆ, ಮೈನಸ್ ಇನ್ನೊಂದು ತುದಿಗೆ ಓಡುತ್ತದೆ. ದುಂಡು ಹನಿಯ ಆ ಎರಡು ತುದಿಗಳಲ್ಲಿ ವಿದ್ಯುತ್ ಕ್ಷೇತ್ರ (ಸೆಂಟಿಮೀಟರಿಗೆ ಇಷ್ಟು ವೋಲ್ಟ್ ಎಂದು ಅಳೆಯುವ ಎಳೆತ) ಮೂರು ಪಟ್ಟು ಬಲವಾಗಿರುತ್ತದೆ. ಕ್ಷೇತ್ರ ತುದಿಗಳನ್ನು ಹೊರಗೆ ಎಳೆಯುತ್ತದೆ, ಹನಿಯನ್ನು ದುಂಡಗೆ ಇಡುವ ಮೇಲ್ಮೈ ಎಳೆತ ಒಳಗೆ ಜಗ್ಗುತ್ತದೆ. ಈ ಹಗ್ಗಜಗ್ಗಾಟದಲ್ಲಿ ಹನಿ ನೇರಳೆ ಹಣ್ಣಿನ ಹಾಗೆ ಉದ್ದವಾಗುತ್ತದೆ. ಪಕ್ಕದ ಹನಿಯದ್ದೂ ಅದೇ ಪಾಡು. ಇದರ ಪ್ಲಸ್ ತುದಿಗೆ ಅದರ ಮೈನಸ್ ತುದಿ ಎದುರಾಗುತ್ತದೆ. ಎರಡೂ ಹತ್ತಿರ ಬರುತ್ತವೆ, ನಡುವಿನ ಎಣ್ಣೆ ಪಕ್ಕಕ್ಕೆ ಸರಿದು ಹರಿಯುತ್ತದೆ, ಹನಿಗಳು ಒಂದಾಗುತ್ತವೆ. ಈ ಸೆಳೆತ ಹತ್ತಿರದವರಿಗೆ ಮಾತ್ರ. ದೂರ ಎರಡು ಪಟ್ಟಾದರೆ ಸೆಳೆತ ಹದಿನಾರನೇ ಒಂದು ಪಾಲಿಗೆ ಬೀಳುತ್ತದೆ. ನೀರು ತೀರ ಕಡಿಮೆ ಇದ್ದರೆ ಹನಿಗಳಿಗೆ ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟುವುದೇ ಇಲ್ಲ. ನೀರು ತೆಗೆಯಲು ಮತ್ತೆ ನೀರನ್ನೇ ಸೇರಿಸುತ್ತಾರೆ ಎಂದರೆ ನಗು ಬರುತ್ತದೆ ಅಲ್ವಾ, ಅದಕ್ಕೆ ಇದೂ ಒಂದು ಕಾರಣ.

ಉಪಾಯ ಹಳೆಯದು. ಅಮೆರಿಕದ ಫ್ರೆಡ್ರಿಕ್ ಕಾಟ್ರೆಲ್ 1911ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಚಿಮಣಿಯ ಹೊಗೆಯಿಂದ ಧೂಳನ್ನು ಕರೆಂಟಿನಿಂದ ಹಿಡಿಯುವ ಯಂತ್ರವೂ ಅವರದ್ದೇ. ಕಲ್ಲಿದ್ದಲು ಉರಿಸುವ ನಮ್ಮ ರಾಯಚೂರಿನಂಥ ವಿದ್ಯುತ್ ಸ್ಥಾವರಗಳಲ್ಲಿ ಬೂದಿ ಹಿಡಿಯುವುದು ಅದೇ ಯಂತ್ರದ ಮೊಮ್ಮಕ್ಕಳು.

ಪ್ರಶ್ನೆ: ಹಾಗಾದರೆ ವೋಲ್ಟೇಜ್ ಇನ್ನೂ ಏರಿಸಿದರೆ ಹನಿಗಳು ಇನ್ನೂ ಬೇಗ ಸೇರುತ್ತವೆ ಅಲ್ವಾ? 20,000ಕ್ಕೇ ಯಾಕೆ ನಿಲ್ಲಿಸುತ್ತೀರಿ? (ಹೊಸಪೇಟೆಯ ಎಲೆಕ್ಟ್ರಿಷಿಯನ್ ಒಬ್ಬರು)

ಉತ್ತರ: ಒಂದು ಮಟ್ಟದ ತನಕ ನಿಮ್ಮ ಮಾತು ಸರಿ. ವೋಲ್ಟೇಜ್ ಏರಿಸಿದರೆ ಕ್ಷೇತ್ರವೂ ಏರುತ್ತದೆ, ಕ್ಷೇತ್ರ ಎರಡು ಪಟ್ಟಾದರೆ ಸೆಳೆತ ನಾಲ್ಕು ಪಟ್ಟು. ಆ ಮಟ್ಟ ದಾಟಿದರೆ ಮಾತ್ರ ಮಾಡಿದ ಕೆಲಸವೆಲ್ಲ ಹಾಳು.

ಯಾಕೆಂದರೆ ಹನಿಯನ್ನು ಎಳೆಯುವ ಬಲವೇ ಅದನ್ನು ಹರಿದು ಚೂರು ಮಾಡಲೂಬಲ್ಲದು. ಕೇಂಬ್ರಿಜ್‌ನ ಜಿ. ಐ. ಟೇಲರ್ 1964ರಲ್ಲಿ ಇದರ ಲೆಕ್ಕ ಕೊಟ್ಟರು. ವಾಹಕ ಹನಿಯ ಉದ್ದ ಅದರ ಅಗಲದ ಸುಮಾರು 1.9 ಪಟ್ಟು ಆಗುವ ತನಕ ಮೇಲ್ಮೈ ಎಳೆತ ತಾಳಿಕೊಳ್ಳುತ್ತದೆ. ಅಲ್ಲಿಂದಾಚೆಗೆ ಸಮತೋಲ ಇಲ್ಲ. ತುದಿಗಳು ಚೂಪಾಗಿ ಶಂಕುವಿನ ಆಕಾರಕ್ಕೆ ಬರುತ್ತವೆ, ಅಲ್ಲಿಂದ ನೂಲಿನಷ್ಟು ಸಣ್ಣ ಧಾರೆ ಚಿಮ್ಮುತ್ತದೆ. ದೊಡ್ಡ ಹನಿ ಬೇಗ ಹರಿದು ಚೂರಾಗುತ್ತದೆ, ಸಣ್ಣದು ತಡೆದುಕೊಳ್ಳುತ್ತದೆ. ಎಣ್ಣೆ-ನೀರಿನ ನಡುವಿನ ಎಳೆತ ಮೀಟರಿಗೆ 15 ಮಿಲಿನ್ಯೂಟನ್ ಅಂತ ಹಿಡಿಯಿರಿ. 1 ಮಿಲಿಮೀಟರ್ ತ್ರಿಜ್ಯದ ನೀರಿನ ಹನಿ ಕಚ್ಚಾ ತೈಲದಲ್ಲಿ ಸೆಂಟಿಮೀಟರಿಗೆ 4,000 ವೋಲ್ಟಿನ ಹತ್ತಿರ ಹರಿದು ಚೂರಾಗುತ್ತದೆ. ಅದರ ಹತ್ತನೇ ಒಂದು ಭಾಗ ತ್ರಿಜ್ಯದ ಹನಿಗೆ 12,000 ಬೇಕು. ಅಂದರೆ ನೀವು ಎಷ್ಟು ಕ್ಷೇತ್ರ ಕೊಡುತ್ತೀರೋ ಅದುವೇ, ಹನಿ ಎಷ್ಟು ದೊಡ್ಡದಾಗಬಹುದು ಎಂಬುದನ್ನೂ ಗೊತ್ತುಮಾಡುತ್ತದೆ. ಜಾಸ್ತಿ ಕೊಟ್ಟರೆ ಸೇರಿದ್ದೆಲ್ಲ ಮತ್ತೆ ಪುಡಿಯಾಗುತ್ತದೆ.

ಇದಕ್ಕಿಂತ ವಿಚಿತ್ರವಾದದ್ದು 2009ರಲ್ಲಿ ಗೊತ್ತಾಯಿತು. ವಿಲಿಯಂ ರಿಸ್ಟೆನ್‌ಪಾರ್ಟ್ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಬರೆದರು: ಪ್ಲಸ್ ಹನಿ, ಮೈನಸ್ ಹನಿ ಒಂದನ್ನೊಂದು ಮುಟ್ಟಿದರೂ ಸೇರದೆ ಪುಟಿದು ಹಿಂದಕ್ಕೆ ಹೋಗುತ್ತವೆ, ಕ್ಷೇತ್ರ ಬಲವಾಗಿದ್ದರೆ! ಕಾರಣ ಆ ಚೂಪು ತುದಿಗಳೇ. ಮುಟ್ಟಿದ ಕ್ಷಣ ಎರಡರ ನಡುವೆ ಸಣ್ಣ ಕುತ್ತಿಗೆ ಮೂಡುತ್ತದೆ. ತುದಿಗಳು ಮೊಂಡಾಗಿದ್ದರೆ ಮೇಲ್ಮೈ ಎಳೆತ ಆ ಕುತ್ತಿಗೆಯನ್ನು ಅಗಲ ಮಾಡುತ್ತದೆ, ಹನಿಗಳು ಸೇರುತ್ತವೆ. ತುದಿಗಳು ತೀರ ಚೂಪಾಗಿದ್ದರೆ ಅದೇ ಎಳೆತ ಕುತ್ತಿಗೆಯನ್ನು ಕತ್ತರಿಸುತ್ತದೆ. ಅಷ್ಟರಲ್ಲಿ ಚಾರ್ಜು ಅದಲುಬದಲಾಗಿರುತ್ತದೆ. ಹನಿಗಳು ಬಂದ ದಾರಿಯಲ್ಲೇ ವಾಪಸ್.

ನಮ್ಮಲ್ಲಿ ಒಬ್ಬರು ಹಿರಿಯ ಆಪರೇಟರ್ ಇದ್ದರು. ಟೇಲರ್ ಹೆಸರನ್ನು ಅವರು ಕೇಳಿದವರಲ್ಲ. ನಾನು ಟ್ರಾನ್ಸ್‌ಫಾರ್ಮರ್ ಟ್ಯಾಪ್ ಬದಲಿಸಿ ವೋಲ್ಟೇಜ್ ಏರಿಸುವ ಮಾತೆತ್ತಿದರೆ, "ಜಾಸ್ತಿ ಕೊಟ್ರೆ ಒಡೀತದೆ ಮೇಡಂ, ಮೊದ್ಲು ಮಿಕ್ಸಿಂಗ್ ವಾಲ್ವ್ ನೋಡುವ" ಅನ್ನುತ್ತಿದ್ದರು. ಎಣ್ಣೆಗೆ ನೀರು ಬೆರೆಸುವ ವಾಲ್ವ್ ಅದು. ನಾನು ಸೇರಿದ ಕಾಲಕ್ಕೆ ಫ್ಯಾಕ್ಟರಿ ಕಾಯ್ದೆಯಂತೆ ಹೆಂಗಸರಿಗೆ ರಾತ್ರಿ ಪಾಳಿ ಇರಲಿಲ್ಲ. ಬೆಳಿಗ್ಗೆ ಹೋದಾಗ ರಾತ್ರಿಯವರು ಡಿಸಾಲ್ಟರಿನ ಬೇರೆ ಬೇರೆ ಎತ್ತರದಿಂದ ಹಿಡಿದ ಸ್ಯಾಂಪಲ್ ಬಾಟಲಿಗಳು ಕಿಟಕಿಯ ಮುಂದೆ ಸಾಲಾಗಿ ನಿಂತಿರುತ್ತಿದ್ದವು. ಕೆಳಗಿನ ಎತ್ತರದ್ದು ನೀರು, ಮೇಲಿನದು ಎಣ್ಣೆ, ನಡುವಿನದು ಎರಡೂ ಅಲ್ಲದ ಕಂದು ಬಣ್ಣದ್ದು. ಅದಕ್ಕೆ ರ‍್ಯಾಗ್ ಅನ್ನುತ್ತೇವೆ. ಅದು ಎಷ್ಟು ಬಾಟಲಿಗೆ ಹಬ್ಬಿದೆ ಎಂದು ನೋಡಿದರೆ ಸಾಕಿತ್ತು, ರಾತ್ರಿ ಪಾಳಿ ಹೇಗೆ ಕಳೆದಿದೆ ಎಂದು ಕೇಳಬೇಕಾಗಿಯೇ ಇರಲಿಲ್ಲ.

ಪ್ರಶ್ನೆ: ವಿದ್ಯುತ್ ಕ್ಷೇತ್ರದಲ್ಲಿ ಹನಿ ಉದ್ದವಾಗುತ್ತದೆ ಎಂದು ನಮ್ಮ ಪುಸ್ತಕದಲ್ಲಿದೆ. ಆದರೆ ನಮ್ಮ ಸರ್ ತೋರಿಸಿದ ವಿಡಿಯೊದಲ್ಲಿ ಹನಿ ಚಪ್ಪಟೆಯಾಯಿತು. ಎರಡರಲ್ಲಿ ಯಾವುದು ಸರಿ? (ಧಾರವಾಡದ ಎಂ.ಎಸ್ಸಿ. ವಿದ್ಯಾರ್ಥಿನಿ)

ಉತ್ತರ: ವಿಡಿಯೊ ಸರಿ. ಪುಸ್ತಕವೂ ಸರಿ, ಆದರೆ ಅರ್ಧ. ನಿಮ್ಮ ಪ್ರಶ್ನೆಗೆ ಜಾಗ ಜಾಸ್ತಿ ಕೊಡುತ್ತೇನಮ್ಮ, ಇಡೀ ವಿಷಯದಲ್ಲಿ ನನಗೆ ಇಷ್ಟವಾದ ಭಾಗ ಇದೇ.

ಪುಸ್ತಕದವರು ದ್ರವಗಳನ್ನು ಎರಡೇ ಜಾತಿ ಮಾಡಿಕೊಂಡಿರುತ್ತಾರೆ. ಒಳ್ಳೆಯ ವಾಹಕ, ಇಲ್ಲವೇ ಪಕ್ಕಾ ಅವಾಹಕ. ಹನಿ ವಾಹಕವಾಗಿದ್ದರೆ ಉದ್ದವಾಗುತ್ತದೆ, ಅದನ್ನು ಮೇಲೆ ನೋಡಿದೆವು. ಹನಿ, ಸುತ್ತಲಿನ ದ್ರವ ಎರಡೂ ಅವಾಹಕವಾಗಿದ್ದರೆ? ಆಗ ಮುಖ್ಯವಾಗುವುದು ಅವುಗಳ ಡೈಎಲೆಕ್ಟ್ರಿಕ್ ಸ್ಥಿರಾಂಕ, ಅಂದರೆ ಕ್ಷೇತ್ರಕ್ಕೆ ಸಿಕ್ಕಾಗ ದ್ರವದ ಅಣುಗಳಲ್ಲಿ ಪ್ಲಸ್-ಮೈನಸ್ ಎಷ್ಟು ಅತ್ತಿತ್ತ ಸರಿಯುತ್ತದೆ ಎಂಬುದರ ಅಳತೆ. 1953ರಲ್ಲಿ ಒ'ಕಾನ್‌ಸ್ಕಿ ಮತ್ತು ಥ್ಯಾಚರ್ ಲೆಕ್ಕ ಹಾಕಿದರು. ಹನಿಯ ಸ್ಥಿರಾಂಕ ಹೊರಗಿನದಕ್ಕಿಂತ ಹೆಚ್ಚಿರಲಿ, ಕಡಿಮೆಯಿರಲಿ, ಉತ್ತರ ಒಂದೇ: ಉದ್ದ. ಸೂತ್ರದಲ್ಲಿ ಎರಡರ ವ್ಯತ್ಯಾಸದ ವರ್ಗ ಬರುತ್ತದೆ, ವರ್ಗ ಎಂದೂ ಮೈನಸ್ ಆಗುವುದಿಲ್ಲ ಅಲ್ವಾ. ಚಪ್ಪಟೆಯಾಗಲು ದಾರಿಯೇ ಇಲ್ಲ.

ದಾರಿ ಇಲ್ಲದಿದ್ದರೂ ಹನಿಗಳು ಚಪ್ಪಟೆಯಾದವು. 1962ರಲ್ಲಿ ಮಾಂಟ್ರಿಯಲ್‌ನಲ್ಲಿ ಆಲನ್ ಮತ್ತು ಮೇಸನ್ ಬೇರೆ ಬೇರೆ ಎಣ್ಣೆಗಳ ಜೋಡಿ ಹಿಡಿದು ಪ್ರಯೋಗ ಮಾಡಿದಾಗ ಕೆಲವು ಜೋಡಿಗಳಲ್ಲಿ ಹನಿ ಕ್ಷೇತ್ರದ ದಿಕ್ಕಿಗೆ ಕುಗ್ಗಿ ಅಡ್ಡಕ್ಕೆ ಹಿಗ್ಗಿತು. ಇದಕ್ಕೆ ಕಾರಣ ಹೇಳಿದವರು ಮತ್ತೆ ಅದೇ ಟೇಲರ್, 1966ರಲ್ಲಿ. ಆಗ ಅವರಿಗೆ 80 ವರ್ಷ. ನಿವೃತ್ತರಾಗಿ ಹತ್ತು ವರ್ಷದ ಮೇಲಾಗಿತ್ತು. ಪಿಂಚಣಿ ತಗೊಂಡು ಕೂತ ನನ್ನಂಥವಳಿಗೆ ಇದನ್ನು ಓದಿದರೆ ಖುಷಿಯೂ ಆಗುತ್ತದೆ, ಸ್ವಲ್ಪ ನಾಚಿಕೆಯೂ.

ಟೇಲರ್ ಹೇಳಿದ್ದು ಇಷ್ಟೇ. ಪಕ್ಕಾ ಅವಾಹಕ ದ್ರವ ಎಂಬುದು ಇಲ್ಲ. ಎಲ್ಲದರಲ್ಲೂ ಸ್ವಲ್ಪವಾದರೂ ಕರೆಂಟು ಸೋರುತ್ತದೆ. ಆ ಸೋರಿಕೆ ಎಷ್ಟೇ ಸಣ್ಣದಿರಲಿ, ಸಾಕಷ್ಟು ಹೊತ್ತು ಕಾದರೆ ಚಾರ್ಜು ಬಂದು ಹನಿಯ ಚರ್ಮದ ಮೇಲೆ ಜಮಾ ಆಗುತ್ತದೆ.

ಒಂದು ನಿಜವಾದ ಜೋಡಿ ತಗೊಳ್ಳಿ. ಪ್ಲಸ್, ಮೈನಸ್ ಎರಡು ತಟ್ಟೆಗಳ ನಡುವೆ ಹರಳೆಣ್ಣೆ, ಅದರೊಳಗೆ ಸಿಲಿಕೋನ್ ಎಣ್ಣೆಯ ಹನಿ. ಪ್ರಯೋಗಶಾಲೆಗಳಲ್ಲಿ ಈ ಜೋಡಿ ತುಂಬ ಬಳಕೆಯಲ್ಲಿದೆ. ಎರಡರ ಸಾಂದ್ರತೆ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಹನಿ ಮುಳುಗುವ ಅವಸರ ಮಾಡದೆ ತೇಲಿಕೊಂಡು ನಿಲ್ಲುತ್ತದೆ. ಎರಡರ ನಡುವಿನ ಎಳೆತವೂ ನೀರು-ಗಾಳಿಯದರ ಹದಿನೈದನೇ ಒಂದು ಭಾಗದಷ್ಟೇ, ಹನಿ ಬೇಗ ಬಗ್ಗುತ್ತದೆ. ಇವುಗಳಲ್ಲಿ ಹರಳೆಣ್ಣೆ ಹೆಚ್ಚು ಸೋರುತ್ತದೆ, ಸಿಲಿಕೋನ್ ಎಣ್ಣೆ ತುಂಬ ಕಡಿಮೆ. ಪ್ಲಸ್ ತಟ್ಟೆಯಿಂದ ಹರಳೆಣ್ಣೆಯ ಮೂಲಕ ನಿಧಾನವಾಗಿ ಬಂದ ಪ್ಲಸ್ ಚಾರ್ಜಿಗೆ ಹನಿಯೊಳಗೆ ದಾರಿ ಸಿಗುವುದಿಲ್ಲ. ಅದು ಚರ್ಮದ ಮೇಲೇ ನಿಲ್ಲುತ್ತದೆ. ಈಗ ನೋಡಿ, ಪ್ಲಸ್ ತಟ್ಟೆಯ ಎದುರಿಗೆ ಇರುವುದು ಪ್ಲಸ್ ಮುಖ. ಉಪ್ಪುನೀರಿನ ಹನಿಯಲ್ಲಿ ಇದ್ದದ್ದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ತಟ್ಟೆ ತುದಿಯನ್ನು ಎಳೆಯುತ್ತಿತ್ತು, ಇಲ್ಲಿ ತಳ್ಳುತ್ತದೆ.

ತಳ್ಳುವುದಷ್ಟೇ ಅಲ್ಲ, ಉಜ್ಜಿಕೊಂಡು ಸರಿಸುತ್ತದೆ ಕೂಡ. ಚರ್ಮದ ಮೇಲಿನ ಚಾರ್ಜು ಎರಡೂ ತುದಿಗಳಿಂದ ನಡುವಿನ ಸೊಂಟದ ಕಡೆಗೆ ಜಾರುತ್ತದೆ, ಜೊತೆಗೆ ಎಣ್ಣೆಯನ್ನೂ ಎಳೆದುಕೊಂಡು ಹೋಗುತ್ತದೆ. ಎರಡು ಕಡೆಯ ಹರಿವು ಸೊಂಟದಲ್ಲಿ ಎದುರಾಗಿ, ಒಳಗಿನದು ಒಳಕ್ಕೆ ತಿರುಗಿ, ಹನಿಯ ನಡುವಿನಿಂದ ಮತ್ತೆ ತುದಿಗೆ ಮರಳುತ್ತದೆ. ಆಕಾರ ಬದಲಾಗದೆ ನಿಂತಂತೆ ಕಾಣುವ ಹನಿಯೊಳಗೆ ಕ್ಷೇತ್ರ ಇರುವಷ್ಟು ಹೊತ್ತೂ ಈ ಸುತ್ತಾಟ ನಡೆದೇ ಇರುತ್ತದೆ. ಹಳೆಯ ಲೆಕ್ಕಗಳಲ್ಲಿ ದ್ರವ ನಿಶ್ಚಲ ಅಂತ ಹಿಡಿದಿದ್ದರು, ಅದಕ್ಕೇ ಉತ್ತರ ತಪ್ಪಿತ್ತು. ಜಾಗ ಅದಲುಬದಲು ಮಾಡಿ, ಸಿಲಿಕೋನ್ ಎಣ್ಣೆಯಲ್ಲಿ ಹರಳೆಣ್ಣೆಯ ಹನಿ ಬಿಡಿ. ಅದೇ ಎರಡು ಎಣ್ಣೆ, ಅದೇ ವೋಲ್ಟೇಜ್, ಹನಿ ಮಾತ್ರ ಉದ್ದವಾಗುತ್ತದೆ.

ಈ ಹರಿವನ್ನು ಟೇಲರ್ ಜೊತೆ ಅಮೆರಿಕದ ಎಂಐಟಿಯ ಮೆಲ್ಚರ್ 1969ರಲ್ಲಿ ಒಂದು ದೊಡ್ಡ ವಿಮರ್ಶಾ ಲೇಖನದಲ್ಲಿ ಜೋಡಿಸಿ ಇಟ್ಟರು. ಇವತ್ತಿಗೂ ಎಲ್ಲರೂ ಶುರು ಮಾಡುವುದು ಅಲ್ಲಿಂದಲೇ.

ನಿಮ್ಮ ಸರ್ ಅವರಿಗೆ ಒಂದು ಮಾತು ಕೇಳಿ, ಆ ವಿಡಿಯೊದಲ್ಲಿ ಇದ್ದದ್ದು ಡಿಸಿಯೋ ಎಸಿಯೋ ಅಂತ. ಬಹುಶಃ ಡಿಸಿ. ಚರ್ಮದ ಮೇಲೆ ಚಾರ್ಜು ಸೇರಲು ಹೊತ್ತು ಬೇಕಲ್ಲ. ಹರಳೆಣ್ಣೆಯಂಥದ್ದರಲ್ಲಿ ಅದು ಸೆಕೆಂಡಿನ ಲೆಕ್ಕಕ್ಕೆ ಬರುತ್ತದೆ. ಸೆಕೆಂಡಿಗೆ 50 ಸಲ ಸುತ್ತು ಹೊಡೆಯುವ ಎಸಿ ಕೊಟ್ಟರೆ ಪ್ಲಸ್ ಬಂದು ಕೂರುವಷ್ಟರಲ್ಲಿ ತಟ್ಟೆ ಮೈನಸ್ ಆಗಿರುತ್ತದೆ. ಆಗ ಸೋರಿಕೆಗೆ ಕೆಲಸವಿಲ್ಲ, ಪುಸ್ತಕದ ಪಕ್ಕಾ ಅವಾಹಕದ ಲೆಕ್ಕವೇ ಹೆಚ್ಚುಕಡಿಮೆ ಸರಿಹೋಗುತ್ತದೆ. ಟೋರ್ಜಾ, ಕಾಕ್ಸ್ ಮತ್ತು ಮೇಸನ್ 1971ರಲ್ಲಿ ಎಸಿ ಕೊಟ್ಟು ಈ ವಿಷಯವನ್ನು ಪರೀಕ್ಷಿಸಿದರು. ಉಪ್ಪುನೀರಿನ ಹನಿಗೆ ಈ ತಾಪತ್ರಯ ಇಲ್ಲ. ಅದರ ಚಾರ್ಜು ನ್ಯಾನೊಸೆಕೆಂಡಿಗಿಂತಲೂ ಕಡಿಮೆ ಹೊತ್ತಿನಲ್ಲಿ ತುದಿ ಸೇರುತ್ತದೆ. ಡಿಸಾಲ್ಟರುಗಳಲ್ಲಿ ಸಾದಾ ಎಸಿಯೇ ಸಾಕಾಗುವುದು ಅದಕ್ಕೆ.

ಚಪ್ಪಟೆ ಹನಿಗೆ ಕ್ಷೇತ್ರ ಇನ್ನೂ ಏರಿಸಿದರೆ ಅದು ವಾಲಿಕೊಂಡು ತಿರುಗಲು ಶುರು ಮಾಡಬಹುದು. ಇಂಥ ತಿರುಗಾಟವನ್ನು ಜರ್ಮನಿಯ ಕ್ವಿಂಕೆ 1896ರಲ್ಲೇ ವರದಿ ಮಾಡಿದ್ದರು, ಗಟ್ಟಿ ವಸ್ತುಗಳಲ್ಲಿ. ಒಳಗಿನ ಎಣ್ಣೆ ತೆಳ್ಳಗಿದ್ದರೆ ಇನ್ನೊಂದು ಚಂದ ಇದೆ. ಹನಿ ಮಸೂರದ ಆಕಾರಕ್ಕೆ ಬಂದು, ಸೊಂಟದ ಅಂಚಿನಿಂದ ಸಣ್ಣ ಬಳೆಗಳು ಒಂದರ ಹಿಂದೆ ಒಂದು ಕಳಚಿಕೊಂಡು ಸೂಕ್ಷ್ಮ ಹನಿಗಳಾಗುತ್ತವೆ. ಇದನ್ನು ಬ್ರೊಸೊ ಮತ್ತು ವ್ಲಾಹೋವ್ಸ್ಕಾ 2017ರಲ್ಲಿ ತೋರಿಸಿದರು. ಹುಡುಕಿ ನೋಡಿ, ನಿಮ್ಮ ಸರ್ ತೋರಿಸಿದ್ದಕ್ಕಿಂತ ಚೆನ್ನಾಗಿರುತ್ತದೆ ಎಂದು ಪಂದ್ಯ ಕಟ್ಟುತ್ತೇನೆ.

ಪ್ರಶ್ನೆ: ಗುಡುಗು ಮೋಡದಲ್ಲಿ ಅಷ್ಟೊಂದು ವಿದ್ಯುತ್ ಇರುವಾಗ ಮಳೆಹನಿಗಳೂ ಹೀಗೆ ಹರಿದು ಚೂರಾಗುತ್ತವೆಯೇ? (ಆಗುಂಬೆಯ ಕಡೆಯ ಓದುಗರು)

ಉತ್ತರ: ಮಳೆಯ ವಿಷಯದಲ್ಲಿ ನಿಮ್ಮೂರಿನವರು ಕೇಳಿದರೆ ಉತ್ತರ ಕೊಡಲೇಬೇಕು. ಈ ಶಾಸ್ತ್ರ ಹುಟ್ಟಿದ್ದೇ ಒಂದು ರೀತಿಯಲ್ಲಿ ನಿಮ್ಮ ಪ್ರಶ್ನೆಯಿಂದ. 1925ರಲ್ಲಿ ಸಿ. ಟಿ. ಆರ್. ವಿಲ್ಸನ್ ಮತ್ತು ಟೇಲರ್ ಸೇರಿ ಸಾಬೂನಿನ ಗುಳ್ಳೆಯನ್ನು ಕ್ಷೇತ್ರದಲ್ಲಿಟ್ಟು ಅದು ಎಳೆದುಕೊಂಡು ಒಡೆಯುವುದನ್ನು ನೋಡಿದರು. ಮುಂದೆ 1931ರಲ್ಲಿ ಮ್ಯಾಕಿ ಎಂಬವರು ನಿಜವಾದ ನೀರಿನ ಹನಿಗಳನ್ನೇ ಬಲವಾದ ಕ್ಷೇತ್ರದ ಮೂಲಕ ಬೀಳಿಸಿ ಅಳೆದರು.

1 ಮಿಲಿಮೀಟರ್ ತ್ರಿಜ್ಯದ ಹನಿ ಗಾಳಿಯಲ್ಲಿ ಹರಿದು ಚೂರಾಗಲು ಸೆಂಟಿಮೀಟರಿಗೆ 12,000ದಿಂದ 13,000 ವೋಲ್ಟ್ ಬೇಕು. ಮೋಡದೊಳಗೆ ಬಲೂನು, ವಿಮಾನ ಕಳಿಸಿ ಅಳೆದಾಗ ಸಾಮಾನ್ಯವಾಗಿ ಸಿಗುವುದು ಸಾವಿರ-ಎರಡು ಸಾವಿರ. ದೊಡ್ಡ ಹನಿ ಬೇಗ ಹರಿಯುತ್ತದೆ ನಿಜ, ಆದರೂ ಅಂತರ ಜಾಸ್ತಿಯೇ. ಹಾಗಾಗಿ ಬರೀ ಕ್ಷೇತ್ರದಿಂದಲೇ ಮಳೆಹನಿ ಹರಿಯುತ್ತದೆ ಎನ್ನಲಾಗದು. ದೊಡ್ಡ ಮಳೆಹನಿಗಳನ್ನು ಒಡೆಯುವುದು ಹೆಚ್ಚಾಗಿ ಗಾಳಿ ಮತ್ತು ಒಂದಕ್ಕೊಂದು ಢಿಕ್ಕಿ. ಅಂದ ಹಾಗೆ, ಬೀಳುವ ದೊಡ್ಡ ಹನಿ ಚಿತ್ರದಲ್ಲಿ ಬರೆಯುವ ಹಾಗೆ ಮೇಲೆ ಚೂಪಾಗಿ ಇರುವುದಿಲ್ಲ. ಕೆಳಗಿನಿಂದ ಗಾಳಿ ಒತ್ತಿ ಅಡಿ ಚಪ್ಪಟೆಯಾಗಿರುತ್ತದೆ. ಮೋಡದ ನೇರ ಕ್ಷೇತ್ರ ಮೇಲೆ ಕೆಳಗೆ ಎಳೆದು ಆ ಚಪ್ಪಟೆಯನ್ನು ಸ್ವಲ್ಪ ಕಡಿಮೆ ಮಾಡಬಹುದು, ಅಷ್ಟೇ.

ಪ್ರಶ್ನೆ: ನಮ್ಮದು ಕೊಬ್ಬರಿ ಎಣ್ಣೆ ಗಾಣ. ಕೆಲವು ಸಲ ಎಣ್ಣೆಯಲ್ಲಿ ನೀರಿನ ಅಂಶ ಉಳಿದು ಮಂಕಾಗುತ್ತದೆ. ನಿಮ್ಮ ಡಿಸಾಲ್ಟರ್ ಚಿಕ್ಕದಾಗಿ ಮಾಡಿಸಬಹುದೇ? ಖರ್ಚು ಎಷ್ಟು? (ತಿಪಟೂರು)

ಉತ್ತರ: ಬೇಡ. ದುಡ್ಡೂ ದಂಡ, ಅಪಾಯವೂ ಹೌದು. ಕಚ್ಚಾ ತೈಲ ನದಿಯ ಹಾಗೆ ನಿಲ್ಲದೆ ಹರಿದು ಬರುತ್ತದೆ, ನಿಲ್ಲಿಸಿ ಕಾಯಲು ಪುರುಸೊತ್ತಿಲ್ಲ. ಅದರ ಹನಿಗಳ ಸುತ್ತ ಆಸ್ಫಾಲ್ಟೀನ್ ಎಂಬ ಡಾಂಬರಿನ ಅಂಶ ಗಟ್ಟಿ ಪೊರೆ ಕಟ್ಟಿರುತ್ತದೆ, ಅದನ್ನು ಸಡಿಲಿಸಲು ಬೇರೆ ಕೆಮಿಕಲ್ ಕೂಡ ಹಾಕಬೇಕು. ನಿಮಗೆ ಇದೊಂದೂ ಇಲ್ಲ. ಕೊಬ್ಬರಿಯನ್ನು ಗಾಣಕ್ಕೆ ಹಾಕುವ ಮೊದಲೇ ಚೆನ್ನಾಗಿ ಒಣಗಿಸಿ, ಅರ್ಧ ಸಮಸ್ಯೆ ಅಲ್ಲೇ ಹೋಯಿತು. ಉಳಿದದ್ದಕ್ಕೆ ಎಣ್ಣೆಯನ್ನು ಹದವಾಗಿ ಬೆಚ್ಚಗೆ ಮಾಡಿ, ಎತ್ತರದ ಪಾತ್ರೆಯಲ್ಲಿ ಅಲುಗಿಸದೆ ಬಿಡಿ. ಬೆಚ್ಚಗಾದರೆ ಎಣ್ಣೆ ತೆಳ್ಳಗಾಗುತ್ತದೆ, ಹನಿ ಬೇಗ ಇಳಿಯುತ್ತದೆ. ಆಮೇಲೆ ಮೇಲಿನಿಂದ ಬಸಿದು ಸೋಸಿ. ಚಳಿಗಾಲದ ಬೆಳಿಗ್ಗೆ ಎಣ್ಣೆ ಮಂಕಾಗಿದ್ದರೆ ಅದು ನೀರಲ್ಲದೆ ಎಣ್ಣೆಯೇ ಹೆಪ್ಪುಗಟ್ಟುತ್ತಿರುವುದೂ ಇರಬಹುದು, 25 ಡಿಗ್ರಿಯ ಆಸುಪಾಸಿನಲ್ಲೇ ಅದು ಶುರುವಾಗುತ್ತದೆ. ಬಿಸಿಲಿಗೆ ಇಟ್ಟರೆ ತಿಳಿಯಾಯಿತೋ ಇಲ್ಲವೋ ನೋಡಿ.

ಪ್ರಶ್ನೆ: ನನ್ನ ಮಗಳು ಬೆಂಗಳೂರಿನ ಔಷಧ ಕಂಪನಿಯ ಲ್ಯಾಬಿನಲ್ಲಿದ್ದಾಳೆ. ಅವಳ ಮೆಷಿನ್ನಿನಲ್ಲೂ ಸೂಜಿಗೆ ಸಾವಿರಾರು ವೋಲ್ಟ್ ಕೊಟ್ಟು ದ್ರವವನ್ನು ಸಿಂಪಡಿಸುತ್ತಾರಂತೆ. ಇದೂ ಅದೂ ಒಂದೇನಾ? (ಚಾಮರಾಜನಗರದ ಓದುಗರು)

ಉತ್ತರ: ಹೌದು, ನಾವು ರಿಫೈನರಿಯಲ್ಲಿ ತಪ್ಪಿಸಲು ಒದ್ದಾಡುತ್ತಿದ್ದದ್ದನ್ನೇ ನಿಮ್ಮ ಮಗಳು ಬೇಕೆಂದೇ ಮಾಡುತ್ತಾಳೆ. ಸೂಜಿಯ ತುದಿಯಲ್ಲಿ ದ್ರವ ಶಂಕುವಾಗುತ್ತದೆ, ಶಂಕುವಿನ ತುದಿಯಿಂದ ಚಾರ್ಜು ತುಂಬಿದ ಸೂಕ್ಷ್ಮ ಹನಿಗಳು ಹಾರುತ್ತವೆ. ಆ ಶಂಕುವಿಗೆ ಟೇಲರ್ ಹೆಸರೇ ಇದೆ. ಅದರ ಅಕ್ಷಕ್ಕೂ ಬದಿಗೂ ನಡುವಿನ ಕೋನ 49.3 ಡಿಗ್ರಿ ಎಂದು ಲೆಕ್ಕದಲ್ಲಿ ತೋರಿಸಿದವರು ಅವರು. ಇಂಥ ತುದಿಗಳ ಫೋಟೊಗಳನ್ನು ಜಾನ್ ಝೆಲೆನಿ ಮೊದಲ ಮಹಾಯುದ್ಧದ ಕಾಲದಲ್ಲೇ ತೆಗೆದಿದ್ದರು.

ಹಾರಿದ ಹನಿಯ ನೀರು ಆರುತ್ತ ಹೋಗುತ್ತದೆ, ಚಾರ್ಜು ಮಾತ್ರ ಆರುವುದಿಲ್ಲ. ಹನಿ ಕುಗ್ಗಿದಂತೆ ಚಾರ್ಜು ಒತ್ತೊತ್ತಾಗಿ, ಒಂದು ಹಂತದಲ್ಲಿ ಹನಿ ತಾಳಲಾರದೆ ಚಿಮ್ಮುತ್ತದೆ. ಆ ಹಂತವನ್ನು ಲಾರ್ಡ್ ರೇಲಿ 1882ರಲ್ಲೇ ಲೆಕ್ಕ ಹಾಕಿಟ್ಟಿದ್ದರು. ಹೀಗೆ ಕುಗ್ಗಿ, ಒಡೆದು, ಮತ್ತೆ ಕುಗ್ಗಿ, ಕೊನೆಗೆ ಚಾರ್ಜು ಹೊತ್ತ ಬಿಡಿ ಅಣು ಉಳಿಯುತ್ತದೆ. ಅದರ ತೂಕವನ್ನು ಮೆಷಿನ್ನು ಅಳೆಯುತ್ತದೆ. ಪ್ರೋಟೀನಿನಂಥ ದೊಡ್ಡ ಅಣುವನ್ನೂ ಮುರಿಯದೆ ಹೀಗೆ ಹಾರಿಸಬಹುದು ಎಂದು ತೋರಿಸಿದ್ದಕ್ಕೆ ಜಾನ್ ಫೆನ್ 2002ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು. ಆಗ ಅವರಿಗೂ 85. ಹನಿಗಳ ಹಿಂದೆ ಬಿದ್ದವರಿಗೆ ಆಯುಸ್ಸು ಗಟ್ಟಿ ಅಂತ ಕಾಣುತ್ತದೆ.

ಪ್ರಶ್ನೆ: ಹೈಸ್ಕೂಲ್ ಮಕ್ಕಳಿಗೆ ಇದನ್ನು ತೋರಿಸುವ ಆಸೆ. ಸೊಳ್ಳೆ ಬ್ಯಾಟಿನ ಸರ್ಕ್ಯೂಟ್ ತೆಗೆದು ಎರಡು ತಟ್ಟೆಗೆ ಜೋಡಿಸಿದರೆ ಆಗುತ್ತದೆಯೇ ಮೇಡಂ? (ಹಾವೇರಿ ಜಿಲ್ಲೆಯ ವಿಜ್ಞಾನ ಶಿಕ್ಷಕರು)

ಉತ್ತರ: ಮೇಷ್ಟ್ರೇ, ದಯವಿಟ್ಟು ಬೇಡ. ಆ ಬ್ಯಾಟಿನಲ್ಲಿ ಸಾವಿರಕ್ಕಿಂತ ಜಾಸ್ತಿ ವೋಲ್ಟ್ ಇರುತ್ತದೆ. ಸ್ವಿಚ್ ಆಫ್ ಮಾಡಿದ ಮೇಲೂ ಒಳಗಿನ ಕೆಪಾಸಿಟರ್ ಚಾರ್ಜು ಹಿಡಿದುಕೊಂಡಿರುತ್ತದೆ. ನೀವು ಜಾಗ್ರತೆ ಮಾಡಿದರೂ ಮಕ್ಕಳು ಮನೆಗೆ ಹೋಗಿ ಅದನ್ನೇ ಮಾಡುತ್ತಾರೆ.

ಪ್ಲಂಬಿಂಗಿನ ಪಿವಿಸಿ ಪೈಪಿನ ಒಂದು ತುಂಡು ಸಾಕು. ಉಣ್ಣೆಯ ಬಟ್ಟೆಯಿಂದ ಚೆನ್ನಾಗಿ ಉಜ್ಜಿ. ನಲ್ಲಿಯನ್ನು ಸಣ್ಣಗೆ ಬಿಟ್ಟು ಧಾರೆಯ ಹತ್ತಿರ ಹಿಡಿದರೆ ಧಾರೆ ಪೈಪಿನತ್ತ ಬಾಗುತ್ತದೆ. ಇದು ಎಲ್ಲರಿಗೂ ಗೊತ್ತು. ಇನ್ನೊಂದನ್ನು ಮಾಡಿ. ಕೆಸುವಿನ ಎಲೆಯನ್ನು ತಟ್ಟೆಯ ಮೇಲೆ ಸಮನಾಗಿ ಹರಡಿ, ಅದರ ಮೇಲೆ ಒಂದು ನೀರಿನ ಹನಿ ಇಡಿ. ಪೈಪನ್ನು ಮೇಲಿನಿಂದ ನಿಧಾನವಾಗಿ ಇಳಿಸಿ. ಹನಿ ಎಲೆಗೆ ಅಂಟಿಕೊಳ್ಳದ ಕಾರಣ ಪೈಪಿನತ್ತ ಎದ್ದು ಉದ್ದವಾಗುತ್ತದೆ, ಇಲ್ಲವೇ ಉರುಳಿಕೊಂಡು ಬರುತ್ತದೆ. ಎರಡು ಹನಿಗಳನ್ನು ಅಕ್ಕಪಕ್ಕ ಇಟ್ಟೂ ನೋಡಿ. ಹಿಂದೆ ಬಿಳಿ ಕಾಗದ ನಿಲ್ಲಿಸಿ, ಬದಿಯಿಂದ ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆದರೆ ಮಕ್ಕಳಿಗೆ ಆಕಾರ ಸ್ಪಷ್ಟವಾಗಿ ಕಾಣುತ್ತದೆ.

ಚಪ್ಪಟೆಯಾಗುವ ಹನಿಯನ್ನು ಈ ಪೈಪಿನಿಂದ ತೋರಿಸಲಾಗದು, ಅದಕ್ಕೆ ಲ್ಯಾಬಿನ ಹೈವೋಲ್ಟೇಜ್ ಸಪ್ಲೈಯೇ ಬೇಕು. ಧಾರವಾಡದ ವಿದ್ಯಾರ್ಥಿನಿಯ ಸರ್ ಹತ್ತಿರ ಆ ವಿಡಿಯೊ ಕೇಳಿ ತರಿಸಿಕೊಳ್ಳಿ. ಪೈಪಿನ ಪ್ರಯೋಗವನ್ನು ಡಿಸೆಂಬರ್-ಜನವರಿಯ ಒಣ ಹವೆಯಲ್ಲಿ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಎಷ್ಟು ಉಜ್ಜಿದರೂ ಚಾರ್ಜು ನಿಲ್ಲುವುದಿಲ್ಲ, ತೇವ ಕೂತ ಪೈಪೂ ಸೋರುತ್ತದೆ.